ಬಡಿಸುವವನೇ ಎಲೆಯ ಮುಂದೆ ಕುಳಿತಾಗ

ಮಾಡಬಹುದಾಗಿದ್ದ ಒಂದು ಫೋನ್ ಕರೆಯನ್ನು ಮಾಡದೆ ಬಿಟ್ಟ ಸಂಗತಿ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಅಂಥ ಕರೆಗಳು ಎರಡು. ಒಂದನ್ನು ಮಾಡಬೇಕಾಗಿದ್ದವರು ಅಮೆರಿಕದ ಒಬ್ಬ ದೊಡ್ಡ ರಾಜಕಾರಣಿ. ಇನ್ನೊಂದನ್ನು ಮಾಡಬೇಕಾಗಿದ್ದವನು ನಾನು. ಎರಡರ ನಡುವೆ ಹೋಲಿಕೆ ಮಾಡುವುದು ಅತಿಯಾಯಿತು ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಮೊದಲನೆಯದನ್ನು ಕಣ್ಣಾರೆ ನೋಡಿರದಿದ್ದರೆ ಎರಡನೆಯದು ತಪ್ಪೆಂದು ನನಗೆ ಎಂದಿಗೂ ಹೊಳೆಯುತ್ತಿರಲಿಲ್ಲ.

2022ರಲ್ಲಿ ನಾನು ನ್ಯೂಯಾರ್ಕ್ ರಾಜ್ಯದಲ್ಲಿ, ಹಡ್ಸನ್ ನದಿಯ ದಂಡೆಯ ಒಂದು ಸಣ್ಣ ಊರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆ. ನನಗೆ ಅಲ್ಲಿ ಮತವಿರಲಿಲ್ಲ. ಆದರೂ ಚುನಾವಣೆ ಎಂದರೆ ಕಿವಿ ನಿಮಿರುವುದು ನನ್ನ ಹಳೆಯ ಚಾಳಿ. ಮೇ 16, ಸೋಮವಾರ, ನದಿಯಗುಂಟ ಸಾಗುವ ರೈಲಿನಲ್ಲಿ ಕುಳಿತಿದ್ದೆ. ನನ್ನ ಎದುರಿಗಿದ್ದ ಇಬ್ಬರು ಒಂದೇ ಮೊಬೈಲಿನ ಮೇಲೆ ಬಾಗಿ, ಬಣ್ಣಬಣ್ಣದ ಒಂದು ನಕ್ಷೆಯನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದರು. "ನಾವೀಗ ಯಾರ ಕ್ಷೇತ್ರದಲ್ಲಿದ್ದೇವೆ?" ಎಂದು ಒಬ್ಬಾಕೆ ಕೇಳಿದಳು. ಇನ್ನೊಬ್ಬ ಉತ್ತರಿಸಲು ಬಾಯಿ ತೆರೆದವನು, ಫೋನಿನಲ್ಲಿ ಹೊಸದೊಂದು ಸುದ್ದಿ ಬಂದಿದ್ದರಿಂದ ಅದನ್ನೇ ಓದಿ, "ಮಲೋನಿ ಇಲ್ಲಿಂದ ನಿಲ್ಲುತ್ತಾರಂತೆ" ಎಂದ. ಆಕೆ ತಲೆಯೆತ್ತಿ, "ಹಾಗಾದರೆ ಜೋನ್ಸ್?" ಎಂದಳು. ಆ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ. ಆ ಹೊತ್ತಿಗೆ ಸ್ವತಃ ಜೋನ್ಸ್ ಅವರಲ್ಲಿಯೂ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. 2020ರ ಜನಗಣತಿಯಲ್ಲಿ ಕೇವಲ 89 ಜನರ ಕೊರತೆಯಿಂದ ನ್ಯೂಯಾರ್ಕ್ ಒಂದು ಸಂಸತ್ ಸ್ಥಾನವನ್ನು ಕಳೆದುಕೊಂಡಿತು. 27 ಇದ್ದದ್ದು 26 ಆಯಿತು. ಡೆಮಾಕ್ರಟಿಕ್ ಪಕ್ಷದ ಹಿಡಿತದಲ್ಲಿದ್ದ ರಾಜ್ಯದ ಶಾಸನಸಭೆ ತನಗೆ ಅನುಕೂಲವಾಗುವಂತೆ ಕ್ಷೇತ್ರಗಳ ಗಡಿ ಎಳೆಯಿತು. ಏಪ್ರಿಲ್ 27ರಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ ಆ ನಕ್ಷೆಯನ್ನು ರದ್ದುಗೊಳಿಸಿತು. ಹೊಸದನ್ನು ಬರೆಯುವ ಕೆಲಸ ನ್ಯಾಯಾಲಯ ನೇಮಿಸಿದ ಜೊನಾಥನ್ ಸರ್ವಾಸ್ ಎಂಬ ತಜ್ಞರಿಗೆ ಬಂತು. ರೈಲಿನಲ್ಲಿ ಆ ಇಬ್ಬರು ನೋಡುತ್ತಿದ್ದದ್ದು ಅವರ ಕರಡು ನಕ್ಷೆಯನ್ನು. ಅದರಲ್ಲಿ ಹಡ್ಸನ್ ಕಣಿವೆಯ ಎರಡು ಕ್ಷೇತ್ರಗಳು ಅದಲು ಬದಲಾಗಿದ್ದವು. 18ನೇ ಕ್ಷೇತ್ರದ ಹಾಲಿ ಸದಸ್ಯ ಶಾನ್ ಪ್ಯಾಟ್ರಿಕ್ ಮಲೋನಿಯವರ ಮನೆ ಈಗ 17ಕ್ಕೆ ಸೇರಿತ್ತು. ಅವರ ಹಳೆಯ ಮತದಾರರಲ್ಲಿ ಹೆಚ್ಚಿನವರು 18ರಲ್ಲೇ ಉಳಿದಿದ್ದರು. 17ರ ಹಾಲಿ ಸದಸ್ಯ ಮಾನ್‌ಡೇರ್ ಜೋನ್ಸ್ ಅವರ ಮನೆ ಪಕ್ಕದ 16ಕ್ಕೆ ಜಾರಿತ್ತು. ಆದರೆ 17ರ ಬಹುಪಾಲು ಮತದಾರರು ಅವರು ಆಗಲೇ ಪ್ರತಿನಿಧಿಸುತ್ತಿದ್ದವರೇ. ಅಮೆರಿಕದ ಸಂವಿಧಾನದ ಪ್ರಕಾರ ಸಂಸದ ತನ್ನ ರಾಜ್ಯದ ನಿವಾಸಿಯಾಗಿದ್ದರೆ ಸಾಕು, ಕ್ಷೇತ್ರದೊಳಗೇ ವಾಸವಾಗಿರಬೇಕೆಂದಿಲ್ಲ. ಹಾಗಾಗಿ ಇಬ್ಬರೂ ತಮ್ಮ ತಮ್ಮ ಜನರ ಜೊತೆ ಉಳಿಯಲು ಯಾವ ಅಡ್ಡಿಯೂ ಇರಲಿಲ್ಲ.

ನಕ್ಷೆ ಹೊರಬಿದ್ದು ಅರ್ಧ ಗಂಟೆ ಕಳೆಯುವುದರೊಳಗೆ ಮಲೋನಿ ಟ್ವಿಟರ್‌ನಲ್ಲಿ ತಾನು 17ರಿಂದ ಸ್ಪರ್ಧಿಸುವುದಾಗಿ ಘೋಷಿಸಿದರು. ತನಗೆ ಒಂದು ಮಾತನ್ನೂ ಮುಂಚಿತವಾಗಿ ಹೇಳಲಿಲ್ಲವೆಂದು ಜೋನ್ಸ್ ಬಹಿರಂಗವಾಗಿಯೇ ನೊಂದುಕೊಂಡರು. ಇಬ್ಬರು ಸಹಸದಸ್ಯರ ನಡುವಿನ ಸಾಮಾನ್ಯ ಮೇಲಾಟ ಇದಾಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಮಲೋನಿ ಆಗ ಡೆಮಾಕ್ರಟಿಕ್ ಪಕ್ಷದ ಸಂಸತ್ ಪ್ರಚಾರ ಸಮಿತಿಯ ಅಧ್ಯಕ್ಷರಾಗಿದ್ದರು. ಪಕ್ಷದ ಪ್ರತಿಯೊಬ್ಬ ಹಾಲಿ ಸದಸ್ಯನನ್ನು ಗೆಲ್ಲಿಸಿಕೊಂಡು ಬರುವುದು ಅವರ ಕೆಲಸವಾಗಿತ್ತು. ಜೋನ್ಸ್ ಅವರನ್ನು ಕೂಡ.

ಆ ಕುರ್ಚಿಯ ಕೆಲಸ

ನಮ್ಮಲ್ಲಿ ಬಿ ಫಾರಂ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿ ಎಲ್ಲವೂ ಇರುತ್ತದೆ. ಅಮೆರಿಕದಲ್ಲಿ ಹಾಗಿಲ್ಲ. ಅಭ್ಯರ್ಥಿ ಯಾರೆಂಬುದನ್ನು ಪ್ರಾಥಮಿಕ ಚುನಾವಣೆಯಲ್ಲಿ ಮತದಾರರೇ ತೀರ್ಮಾನಿಸುತ್ತಾರೆ. ಪ್ರಚಾರ ಸಮಿತಿಯ ಅಧ್ಯಕ್ಷ ಯಾರಿಗೂ ಟಿಕೆಟ್ ಕೊಡುವುದಿಲ್ಲ, ಯಾರ ಟಿಕೆಟ್ಟನ್ನೂ ಕಿತ್ತುಕೊಳ್ಳುವುದಿಲ್ಲ. ಹಾಗಾದರೆ ಅವರ ಕೈಯಲ್ಲಿ ಏನಿರುತ್ತದೆ? ಮೊದಲನೆಯದು ಹಣ. ಸಂಸದರು ತಾವು ಸಂಗ್ರಹಿಸಿದ ನಿಧಿಯಿಂದ ಈ ಸಮಿತಿಗೆ ವಂತಿಗೆ ಕಟ್ಟುತ್ತಾರೆ. ಸುರಕ್ಷಿತ ಕ್ಷೇತ್ರದವರು ಕಟ್ಟಿದ್ದು ಅಪಾಯದಲ್ಲಿರುವವರ ನೆರವಿಗೆ ಹೋಗುತ್ತದೆ. ಎರಡನೆಯದು, ನನ್ನ ಮಟ್ಟಿಗೆ ಹಣಕ್ಕಿಂತ ದೊಡ್ಡದು, ಮಾಹಿತಿ. ಯಾವ ಕ್ಷೇತ್ರದಲ್ಲಿ ನೆಲ ಕುಸಿಯುತ್ತಿದೆ, ಯಾವ ಸದಸ್ಯನ ಬಗ್ಗೆ ಜನ ಬೇಸತ್ತಿದ್ದಾರೆ, ಯಾರ ಬೊಕ್ಕಸ ಬರಿದಾಗಿದೆ, ಯಾರಿಗೆ ಒಳಗೊಳಗೇ ಭಯ ಹತ್ತಿದೆ. ವೈದ್ಯನ ಮುಂದೆ ಅಂಗಿ ಬಿಚ್ಚುವಂತೆ ಸದಸ್ಯರು ಅಧ್ಯಕ್ಷನ ಮುಂದೆ ತಮ್ಮ ದೌರ್ಬಲ್ಯಗಳನ್ನು ತೋರಿಸುತ್ತಾರೆ. ತೋರಿಸದಿದ್ದರೆ ನೆರವು ಬರುವುದಿಲ್ಲ.

ಹಣದ ವಿಷಯದಲ್ಲಿ ಅಲ್ಲಿನ ಕಾನೂನು ಬಹಳ ಎಚ್ಚರ ವಹಿಸುತ್ತದೆ. ಪಕ್ಷದ ಸಮಿತಿ ಒಬ್ಬ ಅಭ್ಯರ್ಥಿಯ ಪರವಾಗಿ ಸ್ವತಂತ್ರವಾಗಿ ದೊಡ್ಡ ಮೊತ್ತ ಸುರಿಯಬೇಕಿದ್ದರೆ ಆ ವಿಭಾಗ ಅಭ್ಯರ್ಥಿಯ ಜೊತೆ ಸಮಾಲೋಚಿಸುವಂತಿಲ್ಲ. ನಡುವೆ ಗೋಡೆ ಕಟ್ಟಿ, ಬೇರೆ ಜನರನ್ನು ಇಟ್ಟು ನಡೆಸಬೇಕು. ಡಾಲರ್‌ಗಳ ನಡುವೆ ಗೋಡೆ ಕಟ್ಟಿದವರಿಗೆ ಒಬ್ಬನೇ ಮನುಷ್ಯನ ತಲೆಯೊಳಗೆ ಗೋಡೆ ಕಟ್ಟಲು ಸಾಧ್ಯವಿಲ್ಲ. ಎಲ್ಲ ಕ್ಷೇತ್ರಗಳ ಗುಟ್ಟು ಗೊತ್ತಿರುವವನು ತನ್ನ ಕ್ಷೇತ್ರವನ್ನು ಆರಿಸಿಕೊಳ್ಳುವಾಗ ಆ ಗುಟ್ಟುಗಳನ್ನು ಮರೆತುಬಿಡುತ್ತಾನೆಯೇ? ಹೊಸ 17ರಲ್ಲಿ 2020ರ ಅಧ್ಯಕ್ಷೀಯ ಚುನಾವಣೆಯ ಲೆಕ್ಕದಂತೆ ಡೆಮಾಕ್ರಟಿಕ್ ಪಕ್ಷದ ಬೈಡನ್ ಸುಮಾರು ಹತ್ತು ಶೇಕಡಾ ಅಂಶಗಳಷ್ಟು ಮುಂದಿದ್ದರು, ಹೊಸ 18ರಲ್ಲಿ ಸುಮಾರು ಎಂಟು. ಹತ್ತಕ್ಕೂ ಎಂಟಕ್ಕೂ ಇರುವ ಅಂತರ ಎಷ್ಟು ದೊಡ್ಡದು ಎಂಬುದು ಆ ಕುರ್ಚಿಯಲ್ಲಿ ಕುಳಿತವನಿಗೆ ಗೊತ್ತಿರುವಂತೆ ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಈ ಸಮಿತಿ ಹಾಲಿ ಸದಸ್ಯರ ರಕ್ಷಣೆಯನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಿತ್ತು ಎಂಬುದಕ್ಕೆ ಒಂದು ನಿದರ್ಶನ ಕೊಡಬೇಕು. 2019ರಲ್ಲಿ, ಮಲೋನಿಯವರ ಹಿಂದಿನ ಅಧ್ಯಕ್ಷೆಯ ಅವಧಿಯಲ್ಲಿ, ಪಕ್ಷದ ಹಾಲಿ ಸದಸ್ಯರ ವಿರುದ್ಧ ಪ್ರಾಥಮಿಕ ಚುನಾವಣೆಯಲ್ಲಿ ನಿಲ್ಲುವವರಿಗಾಗಿ ಕೆಲಸ ಮಾಡುವ ಯಾವ ಸಲಹಾ ಸಂಸ್ಥೆಗೂ, ಸಮೀಕ್ಷೆ ನಡೆಸುವವರಿಗೂ ಸಮಿತಿ ಕೆಲಸ ಕೊಡುವುದಿಲ್ಲ ಎಂಬ ನಿಯಮ ತಂದಿದ್ದರು. ಯುವ ಸದಸ್ಯರು ಅದನ್ನು ಕಪ್ಪುಪಟ್ಟಿ ಎಂದು ವಿರೋಧಿಸಿದರು. 2021ರಲ್ಲಿ ಅಧ್ಯಕ್ಷರಾಗಿ ಬಂದ ಮಲೋನಿ ಅದನ್ನು ಕೈಬಿಟ್ಟರು. ಆಗ ನಾನು ಮನಸ್ಸಿನಲ್ಲೇ ಅವರನ್ನು ಮೆಚ್ಚಿದ್ದೆ, ಈಗಲೂ ಆ ನಿರ್ಧಾರ ಸರಿಯೆಂದೇ ನಂಬಿದ್ದೇನೆ. ಹೊಸಬರು ಹಳಬರಿಗೆ ಸವಾಲು ಹಾಕಲು ಅವಕಾಶವಿರಬೇಕು. ಸ್ವತಃ ಜೋನ್ಸ್ ಬಂದದ್ದೂ ಹಾಗೆಯೇ. ಮೂರು ದಶಕ ಆ ಭಾಗವನ್ನು ಪ್ರತಿನಿಧಿಸಿದ್ದ ನೀಟಾ ಲೋವಿಯವರ ವಿರುದ್ಧ ಅವರು 2019ರಲ್ಲಿ ಕಣಕ್ಕಿಳಿದಿದ್ದರು. ಕೆಲವು ತಿಂಗಳುಗಳ ನಂತರ ಲೋವಿ ನಿವೃತ್ತಿ ಘೋಷಿಸಿದರು. ಪಕ್ಷದೊಳಗಿನ ಸ್ಪರ್ಧೆ ತಪ್ಪು ಎಂದು ನಾನು ಹೇಳುತ್ತಿಲ್ಲ. ಕಾಯುವ ಕೆಲಸ ಒಪ್ಪಿಕೊಂಡವನು ಆ ಕೆಲಸವನ್ನು ಬಿಡದೆಯೇ ಕಾಯಬೇಕಾದವನ ಎದುರು ನಿಲ್ಲಬಹುದೇ ಎಂಬುದಷ್ಟೇ ನನ್ನ ಪ್ರಶ್ನೆ.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಮಾತು ತಟ್ಟನೆ ನಾಲಿಗೆಗೆ ಬರುತ್ತದೆ. ಆದರೆ ಇಲ್ಲಿ ಅದು ಪೂರ್ತಿ ಹೊಂದುವುದಿಲ್ಲ. ಬೇಲಿ ಮೇಯಲಿಲ್ಲ, ಸ್ವಲ್ಪ ಜರುಗಿತು. ಜರುಗಿದ್ದಕ್ಕೆ ಅದರ ಬಳಿ ಕಾರಣವೂ ಇತ್ತು. ಆ ಕಾರಣಕ್ಕೆ ಬರುತ್ತೇನೆ. ಅದಕ್ಕೆ ಮುಂಚೆ ನನ್ನದನ್ನು ಹೇಳಿಕೊಳ್ಳಬೇಕು.

ಪೆನ್ಸಿಲ್ ಗುರುತುಗಳು

ಬಹಳ ವರ್ಷಗಳ ಹಿಂದೆ, ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯ ನೌಕರರ ಸಂಘದಲ್ಲಿ ನಮ್ಮ ಬಣದ ಚುನಾವಣಾ ಸಂಚಾಲಕನಾಗಿದ್ದೆ. ಪ್ರತಿ ವಿಭಾಗದಿಂದ ಒಬ್ಬರು ಕಾರ್ಯಕಾರಿ ಸಮಿತಿಗೆ ಆಯ್ಕೆಯಾಗಬೇಕು. ಯಾವ ವಿಭಾಗದಿಂದ ಯಾರು ನಿಂತರೆ ಗೆಲುವು ಸಾಧ್ಯ ಎಂಬುದನ್ನು ಲೆಕ್ಕ ಹಾಕುವುದು ನನ್ನ ಕೆಲಸ. ನಮ್ಮ ಅಭ್ಯರ್ಥಿಗಳೆಲ್ಲ ತಮ್ಮ ತಮ್ಮ ವಿಭಾಗದ ಸದಸ್ಯರ ಪಟ್ಟಿ ತಂದುಕೊಡುತ್ತಿದ್ದರು. ಪ್ರತಿ ಹೆಸರಿನ ಮುಂದೆ ಪೆನ್ಸಿಲ್‌ನಿಂದ ಒಂದು ಗುರುತು. ಸರಿ ಗುರುತು ಇದ್ದರೆ ನಮ್ಮವರು, ಅಡ್ಡಗೆರೆ ಇದ್ದರೆ ಅವರ ಕಡೆ, ಚುಕ್ಕೆ ಇದ್ದರೆ ಅನುಮಾನ. ಪೆನ್ಸಿಲ್ ಏಕೆಂದರೆ ಕೊನೆಯ ದಿನದವರೆಗೂ ಗುರುತುಗಳು ಬದಲಾಗುತ್ತಿದ್ದವು. ಆ ಪಟ್ಟಿಗಳೆಲ್ಲ ಇದ್ದ ನೀಲಿ ರಟ್ಟಿನ ಫೈಲು ರಾತ್ರಿ ನನ್ನ ತಲೆದಿಂಬಿನ ಪಕ್ಕದಲ್ಲೇ ಇರುತ್ತಿತ್ತು.

ಆ ವರ್ಷ ಆಡಳಿತ ಮಂಡಳಿಯವರು ವಿಭಾಗಗಳನ್ನು ಮರುಹೊಂದಿಸಿದರು. ನನ್ನ ವಿಭಾಗಕ್ಕೆ ಎದುರು ಬಣದವರೇ ತುಂಬಿದ್ದ ಇನ್ನೊಂದು ಘಟಕ ಬಂದು ಸೇರಿತು. ನಾನು ಕುಳಿತುಕೊಳ್ಳುತ್ತಿದ್ದ ಕೋಣೆ ಮಾತ್ರ ಪಕ್ಕದ ವಿಭಾಗದ ಲೆಕ್ಕಕ್ಕೆ ಹೋಯಿತು. ಪಕ್ಕದ ವಿಭಾಗದಲ್ಲಿ ನಮ್ಮವರೇ ಆದ, ನನಗಿಂತ ಏಳೆಂಟು ವರ್ಷ ಚಿಕ್ಕವರಾದ ಒಬ್ಬ ಸಹೋದ್ಯೋಗಿ ಒಂದು ಅವಧಿ ಗೆದ್ದಿದ್ದರು, ಚೆನ್ನಾಗಿ ಕೆಲಸ ಮಾಡಿದ್ದರು. ನಾನು ಫೈಲು ತೆರೆದು ಎರಡೂ ವಿಭಾಗಗಳ ಪಟ್ಟಿಯನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಎಣಿಸಿದೆ. ನನ್ನದರಲ್ಲಿ ಚುಕ್ಕೆಗಳು ಹೆಚ್ಚು, ಅವರದರಲ್ಲಿ ಸರಿ ಗುರುತುಗಳು ಹೆಚ್ಚು. ಮರುದಿನದ ಸಭೆಯಲ್ಲಿ, ನನ್ನ ಕೋಣೆ ಈಗ ಆ ವಿಭಾಗದಲ್ಲೇ ಇರುವುದರಿಂದ ನಾನು ಅಲ್ಲಿಂದ ನಿಲ್ಲುವುದು ಸಹಜವೆಂದು ಹೇಳಿದೆ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಸಭೆಯಲ್ಲಿ ಹದಿನಾರು ಹದಿನೇಳು ಜನರಿದ್ದರು. ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ. ಯಾರಿಗೆ ಎಷ್ಟು ಕರಪತ್ರ, ಯಾವ ವಿಭಾಗದಲ್ಲಿ ಯಾವಾಗ ಸಭೆ, ಹಿರಿಯ ನಾಯಕರನ್ನು ಯಾರ ಪರವಾಗಿ ಮಾತನಾಡಲು ಕಳುಹಿಸಬೇಕು, ಎಲ್ಲವೂ ನನ್ನ ಕೈಯಲ್ಲಿತ್ತು ಎಂಬುದು ಆಗ ನನ್ನ ನೆನಪಿಗೆ ಬರಲಿಲ್ಲ. ಆ ಹದಿನಾರು ಜನರಿಗೆ ಮಾತ್ರ ಅದು ಚೆನ್ನಾಗಿ ನೆನಪಿತ್ತು. ಕೊನೆಗೆ ಆ ಸಹೋದ್ಯೋಗಿ, "ಆಗಲಿ ಸರ್, ನೀವೇ ನಿಲ್ಲಿ" ಎಂದರು. ಸಭೆ ಮುಗಿದ ಮೇಲೆ ತಮ್ಮ ಬಳಿಯಿದ್ದ ಇನ್ನೊಂದು ಹಾಳೆಯನ್ನೂ ತಂದು ನನ್ನ ಕೈಗಿತ್ತರು. ಹೊಸದಾಗಿ ಸೇರಿದ್ದ ಐದಾರು ಜನರ ಹೆಸರು, ಮುಂದೆ ನೀಟಾದ ಗುರುತುಗಳು. ನಾನು ಗೆದ್ದೆ. ಅವರು ಆ ಬಾರಿ ಎಲ್ಲಿಂದಲೂ ನಿಲ್ಲಲಿಲ್ಲ.

ನಾನು ಗೆದ್ದೆ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ಅದು ಬೇಕಾಗುತ್ತದೆ.

ಸಿಟ್ಟು, ಮತ್ತು ಅವರ ಕಡೆಯ ಮಾತು

ಮೇ ತಿಂಗಳ ಆ ವಾರ ಅಮೆರಿಕದ ಸಂಸತ್ತಿನಲ್ಲಿ ಮೌನವಿರಲಿಲ್ಲ. ಕರಡು ನಕ್ಷೆಯಲ್ಲಿ ಜೋನ್ಸ್ ಅವರ ಮನೆ ಬಿದ್ದಿದ್ದ 16ರಲ್ಲಿ ಜಮಾಲ್ ಬೋಮನ್ ಹಾಲಿ ಸದಸ್ಯರಾಗಿದ್ದರು. ಬೋಮನ್ ಮತ್ತು ಜೋನ್ಸ್ ಇಬ್ಬರೂ ಕಪ್ಪು ಜನಾಂಗದವರು, ಪಕ್ಷದ ಪ್ರಗತಿಪರ ಗುಂಪಿಗೆ ಸೇರಿದವರು. ಜೋನ್ಸ್ ಅವರಿಗೆ ಸೈದ್ಧಾಂತಿಕವಾಗಿ 16 ಹೆಚ್ಚು ಹೊಂದುತ್ತದೆ ಎಂಬ ಮಾತು ಮಲೋನಿಯವರ ಕಡೆಯಿಂದ ಬಂದದ್ದಾಗಿ ವರದಿಯಾದಾಗ, ನ್ಯೂಯಾರ್ಕಿನ ಇನ್ನೊಬ್ಬ ಸಂಸದ ರಿಚಿ ಟೊರೆಸ್ ಅದರಲ್ಲಿ ತೆಳುವಾಗಿ ಮುಚ್ಚಿಟ್ಟ ಜನಾಂಗಭೇದವಿದೆ ಎಂದರು. ನ್ಯೂಯಾರ್ಕಿನದೇ ಪ್ರಗತಿಪರ ಸಂಸದೆ ಅಲೆಕ್ಸಾಂಡ್ರಿಯಾ ಒಕಾಸಿಯೋ-ಕೋರ್ಟೆಜ್, ಸಹಸದಸ್ಯನ ವಿರುದ್ಧ ನಿಲ್ಲುವುದಾದರೆ ಮಲೋನಿ ಸಮಿತಿಯ ಅಧ್ಯಕ್ಷ ಸ್ಥಾನವನ್ನು ಬಿಡಬೇಕು ಎಂದರು. ಮಲೋನಿ ಬಿಡಲಿಲ್ಲ.

ಅವರ ಕಡೆಯ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮನೆ ಆ ಕ್ಷೇತ್ರದಲ್ಲೇ ಇತ್ತು. ಹೊಸ 17ರ ಸುಮಾರು ಕಾಲು ಭಾಗ ಜನರನ್ನು ಅವರು ಮೊದಲೇ ಪ್ರತಿನಿಧಿಸಿದ್ದರು. ಗಡಿಯನ್ನು ಎಳೆದವರು ಅವರಲ್ಲ. ತಾನು ಬಂದು ಬಿದ್ದ ಜಾಗದಿಂದ ನಿಲ್ಲುತ್ತಿದ್ದೇನೆ ಎಂಬುದು ಅವರ ನಿಲುವಾಗಿತ್ತು. ಇನ್ನೂ ಒಂದು ಮಾತನ್ನು ಅವರ ಪರವಾಗಿ ನಾನೇ ಸೇರಿಸುತ್ತೇನೆ. ಪ್ರಚಾರದ ಹೊಣೆ ಹೊತ್ತವನು ತಾನೇ ಸೋತರೆ ಇಡೀ ಪಕ್ಷದ ಧೈರ್ಯ ಕುಗ್ಗುತ್ತದೆ, ಅದಕ್ಕೆ ಅವನು ತನ್ನನ್ನು ಉಳಿಸಿಕೊಳ್ಳುವುದೂ ಪಕ್ಷದ ಕೆಲಸವೇ. ಈ ವಾದದಲ್ಲಿ ಹುರುಳಿದೆ. ಆದರೆ ಸ್ವಹಿತಾಸಕ್ತಿ ನಮ್ಮನ್ನು ಹಿಡಿಯುವುದೇ ಹುರುಳಿರುವ ವಾದಗಳ ಮೂಲಕ. ನನ್ನ ಕೋಣೆ ಪಕ್ಕದ ವಿಭಾಗಕ್ಕೆ ಸೇರಿದ್ದು ನಿಜವೇ ಆಗಿತ್ತು. ಸಂಚಾಲಕ ಸೋತರೆ ಬಣಕ್ಕೆ ಅವಮಾನ ಎಂದು ಅಂದು ರಾತ್ರಿ ನಾನೂ ನನಗೆ ಹೇಳಿಕೊಂಡಿದ್ದೆ. ಒಳ್ಳೆಯ ಕಾರಣ ಸಿಕ್ಕಿತು ಎಂಬ ಕಾರಣಕ್ಕೆ ನಾನು ಅದರಾಚೆ ಏನನ್ನೂ ಹುಡುಕಲಿಲ್ಲ.

ಅದೇ ನಕ್ಷೆ ಮ್ಯಾನ್‌ಹಟನ್‌ನಲ್ಲಿ ಇಬ್ಬರು ಹಿರಿಯ ಡೆಮಾಕ್ರಟಿಕ್ ಸಂಸದರನ್ನು, ಜೆರ್ರಿ ನ್ಯಾಡ್ಲರ್ ಮತ್ತು ಕ್ಯಾರೊಲಿನ್ ಮಲೋನಿಯವರನ್ನು, 12ನೇ ಕ್ಷೇತ್ರದಲ್ಲಿ ಎದುರುಬದುರು ಮಾಡಿತು. (ಇಬ್ಬರು ಮಲೋನಿಯರೂ ಬೇರೆ ಬೇರೆ.) ಇಬ್ಬರೂ ಸಂಸತ್ತಿನ ಪ್ರಬಲ ಸಮಿತಿಗಳ ಅಧ್ಯಕ್ಷರು, ಮೂವತ್ತು ವರ್ಷಗಳ ಒಡನಾಡಿಗಳು. ಕಹಿಯಾಗಿಯೇ ಹೋರಾಡಿದರು, ನ್ಯಾಡ್ಲರ್ ಗೆದ್ದರು. ನೋಡಿ ದುಃಖವಾಯಿತು, ಆದರೆ ಅನ್ಯಾಯವೆನ್ನಿಸಲಿಲ್ಲ. ಇಬ್ಬರ ಕೈಯಲ್ಲೂ ಒಂದೇ ಅಳತೆಯ ಆಯುಧಗಳಿದ್ದವು. ಒಬ್ಬರ ಚುನಾವಣೆಯ ಹೊಣೆಯನ್ನು ಇನ್ನೊಬ್ಬರು ಹೊತ್ತಿರಲಿಲ್ಲ.

17ರಲ್ಲಿ ಹೋರಾಟವೇ ನಡೆಯಲಿಲ್ಲ. ಕೆಲವೇ ದಿನಗಳಲ್ಲಿ ಜೋನ್ಸ್ ತಾವು ಬೆಳೆದ ಸ್ಪ್ರಿಂಗ್ ವ್ಯಾಲಿಯನ್ನು, ರಾಕ್‌ಲ್ಯಾಂಡ್ ಕೌಂಟಿಯನ್ನು ಬಿಟ್ಟು ಕೆಳ ಮ್ಯಾನ್‌ಹಟನ್ ಮತ್ತು ಬ್ರೂಕ್ಲಿನ್‌ನ 10ನೇ ಕ್ಷೇತ್ರಕ್ಕೆ ಹೋದರು. ಪಕ್ಷದ ಪ್ರಚಾರದ ಮುಖ್ಯಸ್ಥನ ವಿರುದ್ಧ ನಿಲ್ಲುವುದು ಅಥವಾ ಗೆಳೆಯ ಬೋಮನ್ ವಿರುದ್ಧ ನಿಲ್ಲುವುದು, ಎರಡೂ ಅವರಿಗೆ ಬೇಡವಾಯಿತು. ಆಗಸ್ಟ್ 23ರ ಪ್ರಾಥಮಿಕ ಚುನಾವಣೆಯಲ್ಲಿ ಅಲ್ಲಿ ಡ್ಯಾನ್ ಗೋಲ್ಡ್‌ಮನ್ ಗೆದ್ದರು. ಹಾಲಿ ಸಂಸದ ಜೋನ್ಸ್, ತನಗೆ ಅಪರಿಚಿತವಾದ ಬೀದಿಗಳಲ್ಲಿ ಮೂರನೇ ಸ್ಥಾನಕ್ಕೆ ಬಂದು ನಿಂತರು. 17ರಲ್ಲಿ ಮಲೋನಿಯವರ ವಿರುದ್ಧ ರಾಜ್ಯ ಸೆನೆಟರ್ ಅಲೆಸ್ಸಾಂಡ್ರಾ ಬಿಯಾಜಿ ನಿಂತರು. ಒಕಾಸಿಯೋ-ಕೋರ್ಟೆಜ್ ಅವರ ಬೆಂಬಲವಿದ್ದರೂ ಬಿಯಾಜಿ ಪಡೆದ ಪ್ರತಿ ಮತಕ್ಕೆ ಮಲೋನಿ ಸುಮಾರು ಎರಡು ಮತ ಪಡೆದರು.

ಕಾರ್ಡ್ ಬರೆಯದ ಮುದುಕಿ

ನನ್ನ ಪಕ್ಕದ ಮನೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದರು, ಎಪ್ಪತ್ತು ದಾಟಿದವರು. 2020ರಲ್ಲಿ ಸಾಂಕ್ರಾಮಿಕದ ಕಾರಣ ಮನೆಮನೆಗೆ ಹೋಗುವಂತಿರಲಿಲ್ಲವಾಗಿ ಜೋನ್ಸ್ ಪರವಾಗಿ ನೂರಾರು ಅಂಚೆ ಕಾರ್ಡ್‌ಗಳನ್ನು ಕೈಯಲ್ಲೇ ಬರೆದಿದ್ದರಂತೆ. 2022ರ ಅಕ್ಟೋಬರ್‌ನಲ್ಲಿ ಒಂದು ಸಂಜೆ ಅವರ ವರಾಂಡದಲ್ಲಿ ಕುಳಿತಿದ್ದೆ. ಮೇಜಿನ ಮೇಲೆ ಖಾಲಿ ಕಾರ್ಡ್‌ಗಳ ಕಟ್ಟೊಂದು ರಬ್ಬರ್ ಬ್ಯಾಂಡ್ ಕಟ್ಟಿದ ಹಾಗೆಯೇ ಬಿದ್ದಿತ್ತು. ಪಕ್ಷದ ಸ್ಥಳೀಯ ಕಚೇರಿಯವರು ಕೊಟ್ಟುಹೋಗಿದ್ದರು. "ಈ ಬಾರಿ ಬರೆಯುವುದಿಲ್ಲವೇ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ ಹಾಕುತ್ತೇನೆ. ಅದು ನನ್ನ ಕರ್ತವ್ಯ. ಕಾರ್ಡ್ ಬರೆಯುವುದು ಪ್ರೀತಿಯ ಕೆಲಸ" ಎಂದರು. ಅಷ್ಟು ಹೇಳಿ ಎದ್ದು ಒಳಗೆ ಹೋಗಿ ದೀಪ ಹಾಕಿದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅವರ ಮಾತಿನಲ್ಲಿ ನನಗೆ "ಆಗಲಿ ಸರ್, ನೀವೇ ನಿಲ್ಲಿ" ಎಂಬ ಆ ಹಳೆಯ ದನಿ ಕೇಳಿಸಿತು. ಎಷ್ಟೋ ವರ್ಷಗಳ ನಂತರ ಮೊದಲ ಬಾರಿಗೆ.

ನವೆಂಬರ್ 8ರ ಚುನಾವಣೆಯಲ್ಲಿ ಮಲೋನಿ ರಿಪಬ್ಲಿಕನ್ ಪಕ್ಷದ ಮೈಕ್ ಲಾಲರ್ ಅವರ ಎದುರು ಎರಡು ಸಾವಿರಕ್ಕೂ ಕಡಿಮೆ ಮತಗಳಿಂದ ಸೋತರು. ಈ ಸಮಿತಿಯ ಅಧ್ಯಕ್ಷರೊಬ್ಬರು ಮರುಆಯ್ಕೆಯಲ್ಲಿ ಸೋತದ್ದು 1980ರ ನಂತರ ಅದೇ ಮೊದಲು. ಎದುರು ಪಕ್ಷದವರು ಅಲ್ಲಿ ಲಕ್ಷಗಟ್ಟಲೆ ಡಾಲರ್ ಸುರಿದಿದ್ದರು. ಕೊನೆಯ ವಾರಗಳಲ್ಲಿ ಸಮಿತಿಯೂ ತನ್ನ ಅಧ್ಯಕ್ಷನನ್ನು ಉಳಿಸಿಕೊಳ್ಳಲು ಹಣ ಹಾಕಬೇಕಾಯಿತು. ಸಂಸತ್ತಿನ ಕೆಳಮನೆಯಲ್ಲಿ ರಿಪಬ್ಲಿಕನ್ನರು 222, ಡೆಮಾಕ್ರಟರು 213 ಸ್ಥಾನಗಳನ್ನು ಪಡೆದರು. ಮಲೋನಿ ಬಿಟ್ಟುಬಂದಿದ್ದ, ಹೆಚ್ಚು ಅಪಾಯದ್ದೆಂದು ಲೆಕ್ಕವಿದ್ದ 18ನೇ ಕ್ಷೇತ್ರವನ್ನು ಅವರದೇ ಪಕ್ಷದ ಪ್ಯಾಟ್ ರಯಾನ್ ಕಡಿಮೆ ಅಂತರದಲ್ಲಾದರೂ ಗೆದ್ದುಕೊಂಡರು.

ಆ ವಾರ ಓದಿದ ಬರಹಗಳಲ್ಲೆಲ್ಲ, ಕೇಳಿದ ಮಾತುಗಳಲ್ಲೆಲ್ಲ ಮಾಡಿದ್ದನ್ನು ಉಂಡರು ಎಂಬ ಧಾಟಿಯೇ ಇತ್ತು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಎರಡು ಸಾವಿರ ಮತಗಳು ಆ ಕಡೆ ಹೋಗಲು ನೂರು ಕಾರಣಗಳಿರುತ್ತವೆ. ಆ ವರ್ಷ ನ್ಯೂಯಾರ್ಕ್ ರಾಜ್ಯದ ಗಾಳಿಯೇ ರಿಪಬ್ಲಿಕನ್ನರ ಕಡೆ ಬೀಸುತ್ತಿತ್ತು, ಅವರು 26ರಲ್ಲಿ 11 ಸ್ಥಾನ ಗೆದ್ದರು. ಜೋನ್ಸ್ ನಿಂತಿದ್ದರೆ ಗೆಲ್ಲುತ್ತಿದ್ದರು ಎಂದು ಹೇಳಲೂ ಬರುವುದಿಲ್ಲ. 2024ರಲ್ಲಿ ಅವರು ಅದೇ 17ಕ್ಕೆ ಮರಳಿ ಬಂದು ಅದೇ ಲಾಲರ್ ಎದುರು ಸೋತರು. ಸೋಲನ್ನು ಶಿಕ್ಷೆ ಎಂದು ಓದಿದರೆ ಗೆಲುವನ್ನು ಕ್ಷಮೆ ಎಂದು ಓದಬೇಕಾಗುತ್ತದೆ. ನಾನು ಗೆದ್ದಿದ್ದೆನಲ್ಲ! ನನ್ನ ಗೆಲುವು ಆ ಸಭೆಯ ಮೌನವನ್ನು ಸರಿಮಾಡಿತೇ?

ಏನು ಮಾಡಬಹುದಿತ್ತು

2022ರ ಚುನಾವಣೆಯ ನಂತರ ಡೆಮಾಕ್ರಟಿಕ್ ಸಂಸದರು ತಮ್ಮ ನಿಯಮ ಬದಲಿಸಿದರು. ಅಲ್ಲಿಯವರೆಗೆ ಸದಸ್ಯರೆಲ್ಲ ಸೇರಿ ಪ್ರಚಾರ ಸಮಿತಿಯ ಅಧ್ಯಕ್ಷರನ್ನು ಚುನಾಯಿಸುತ್ತಿದ್ದರು. ಮಲೋನಿ ಬಂದದ್ದೂ ಹಾಗೆಯೇ. ಈಗ ಪಕ್ಷದ ಸಂಸದೀಯ ನಾಯಕ ಹೆಸರು ಸೂಚಿಸುತ್ತಾರೆ, ಸದಸ್ಯರು ಅನುಮೋದಿಸುತ್ತಾರೆ. ವಾಷಿಂಗ್ಟನ್ ರಾಜ್ಯದ ಸೂಸನ್ ಡೆಲ್‌ಬೆನಿ ಹೀಗೆ ಬಂದವರು. ಇದರಿಂದ ನಾನು ಹೇಳುತ್ತಿರುವ ತೊಡಕು ಬಿಡಿಸಿಕೊಳ್ಳುತ್ತದೆ ಎಂದು ನನಗನ್ನಿಸುವುದಿಲ್ಲ. ಅಧ್ಯಕ್ಷ ಯಾರಿಗೆ ಉತ್ತರ ಕೊಡಬೇಕೆಂಬುದು ಬದಲಾಯಿತು, ಅಷ್ಟೇ. ಸುರಕ್ಷಿತ ಕ್ಷೇತ್ರದವರನ್ನು ಮಾತ್ರ ಆ ಕುರ್ಚಿಯಲ್ಲಿ ಕೂರಿಸಬೇಕು ಎಂದು ಕೆಲವರು ಹೇಳುತ್ತಾರೆ. ಅದಕ್ಕೂ ಒಂದು ಬೆಲೆಯಿದೆ. ಸೋಲಿನ ಭಯವನ್ನೇ ಕಾಣದವನಿಗೆ ಭಯದಲ್ಲಿರುವವನ ಮಾತು ಅರ್ಥವಾಗುವುದು ಕಷ್ಟ.

ನನಗೆ ಸರಿಯೆನ್ನಿಸುವುದು ತೀರ ಸರಳವಾದ ಒಂದು ಕ್ರಮ. ಸಹಸದಸ್ಯನ ಕ್ಷೇತ್ರದ ಮೇಲೆ ಕಣ್ಣು ಬಿದ್ದ ಗಳಿಗೆಯಲ್ಲೇ ಅಧ್ಯಕ್ಷ ಫೈಲನ್ನು ಬೇರೆಯವರ ಕೈಗೆ ಕೊಡಬೇಕು. ಘೋಷಣೆಗೆ ಮೊದಲು, ನಂತರವಲ್ಲ. ಕೊಟ್ಟ ಮೇಲೆ ಬೇಕಾದರೆ ನಿಲ್ಲಲಿ, ಹೋರಾಡಲಿ, ಗೆಲ್ಲಲಿ. ಓದಿದ್ದನ್ನು ಅವನು ಮರೆಯಲಾರ, ನಿಜ. ಆದರೆ ಎದುರಿಗಿರುವವನಿಗೆ ಬಾಯಿ ಬರುತ್ತದೆ. "ಇದು ನನ್ನ ಕ್ಷೇತ್ರ, ನೀವು ಬರುವುದು ನನಗೆ ಇಷ್ಟವಿಲ್ಲ" ಎಂದು ಹೇಳಲು ಬೇಕಾದ ಧೈರ್ಯ, ನಾಳೆ ಇದೇ ಮನುಷ್ಯನ ಬಳಿ ನೆರವಿಗೆ ಕೈಚಾಚಬೇಕಾಗಿಲ್ಲ ಎಂದು ಗೊತ್ತಾದಾಗ ಮಾತ್ರ ಬರುವಂಥದು. ಸಾಮಾನ್ಯವಾಗಿ ಹಿತಾಸಕ್ತಿ ಸಂಘರ್ಷ ಎಂದಾಗ ಅಧಿಕಾರದಲ್ಲಿರುವವನು ಏನನ್ನು ತೆಗೆದುಕೊಂಡ ಎಂದು ಹುಡುಕುತ್ತೇವೆ. ನಾನು ಈಗ ಮೊದಲು ನೋಡುವುದು ಅವನ ಸುತ್ತ ಇರುವವರು ಏನನ್ನು ಹೇಳದೆ ನುಂಗಿಕೊಂಡರು ಎಂಬುದನ್ನು. ನಮ್ಮ ಸಂಘದ ಮುಂದಿನ ಚುನಾವಣೆಯಲ್ಲಿ ನನ್ನ ಬಳಿಗೆ ಬಂದ ಪಟ್ಟಿಗಳಲ್ಲಿ ಚುಕ್ಕೆಗಳೇ ಇರಲಿಲ್ಲ. ಎಲ್ಲರ ಪಟ್ಟಿಯಲ್ಲೂ ಸರಿ ಗುರುತುಗಳೇ. ಎಲ್ಲವೂ ಖಚಿತ, ಎಲ್ಲವೂ ಭದ್ರ. ನಾನು ಹಿಗ್ಗಿದೆ. ಖಚಿತವೆಂದು ಬರೆದಿದ್ದ ವಿಭಾಗಗಳಲ್ಲಿ ನಾಲ್ಕನ್ನು ನಾವು ಸೋತೆವು. ಜನ ಸೋಮಾರಿಗಳಾಗಿದ್ದಾರೆ, ಸರಿಯಾಗಿ ಓಡಾಡಿ ಲೆಕ್ಕ ತಂದಿಲ್ಲ ಎಂದು ಸಭೆಯಲ್ಲಿ ರೇಗಾಡಿದ್ದೆ.

ಸೋತ ಮರುದಿನ ಬೆಳಿಗ್ಗೆ ಮಲೋನಿ ತಮ್ಮ ಎದುರಾಳಿ ಲಾಲರ್ ಅವರಿಗೆ ಫೋನ್ ಮಾಡಿ ಸೋಲೊಪ್ಪಿಕೊಂಡು ಅಭಿನಂದಿಸಿದರು. ಸಭ್ಯ ನಡವಳಿಕೆ, ಆ ದೇಶದ ಒಳ್ಳೆಯ ಸಂಪ್ರದಾಯ. ಆ ಸುದ್ದಿ ಓದಿದಾಗ ಮೇ ತಿಂಗಳ ಆ ಅರ್ಧ ಗಂಟೆ ನೆನಪಾಯಿತು. ಎದುರು ಪಕ್ಷದವನಿಗೆ ಸಿಕ್ಕಿದ ಆ ಒಂದು ಕರೆ ಜೊತೆಯವನಿಗೆ ಸಿಕ್ಕಿರಲಿಲ್ಲ.

ಕಳೆದ ತಿಂಗಳು ನನ್ನ ಆ ಹಳೆಯ ಸಹೋದ್ಯೋಗಿಯ ನಂಬರ್ ಹುಡುಕಿ ಫೋನ್ ಮಾಡಿದೆ. ಅವರೂ ಈಗ ನಿವೃತ್ತರು. ದನಿ ಕೇಳಿದ ಕೂಡಲೇ ಗುರುತು ಹಿಡಿದರು. ಮೊಮ್ಮಗಳ ಬಗ್ಗೆ, ಮೊಣಕಾಲು ನೋವಿನ ಬಗ್ಗೆ ಮಾತಾಯಿತು. ಕೊನೆಗೆ ನಾನೇ ಆ ಸಭೆಯ ವಿಷಯ ತೆಗೆದು, ಅಂದು ಹಿಂದಿನ ರಾತ್ರಿ ನಿಮಗೆ ಫೋನ್ ಮಾಡಬೇಕಾಗಿತ್ತು, ಮಾಡಲಿಲ್ಲ, ತಪ್ಪಾಯಿತು ಎಂದೆ. ಅವರು ಬೇಡ ಬಿಡಿ ಎನ್ನಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. "ಅದಾದ ಮೇಲೆ ನಾನು ನಿಮಗೆ ಪೂರ್ತಿ ಪಟ್ಟಿ ಕೊಡಲಿಲ್ಲ ಸರ್" ಎಂದರು. "ಬೇರೆಯವರಿಗೂ ಕೊಡಬೇಡಿ ಎಂದು ಹೇಳಿದ್ದೆ. ಚುಕ್ಕೆ ಇರುವ ಹೆಸರುಗಳನ್ನು ನಮ್ಮಲ್ಲೇ ಇಟ್ಟುಕೊಳ್ಳುತ್ತಿದ್ದೆವು." ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವರು, ಆ ನೀಲಿ ಫೈಲು ಇನ್ನೂ ನನ್ನ ಬಳಿ ಇದೆಯೇ ಎಂದು ಕೇಳಿದರು. ಇದೆ ಎಂದೆ.